ಸಹಿ ಹಾಕುವ ಮೊದಲು ಒಬ್ಬ ವಕೀಲರು

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಕೌಂಟರಿನಿಂದ ಯುಪಿಐ ಕ್ಯೂಆರ್ ಕೋಡುಗಳು ಕಾಣೆಯಾಗತೊಡಗಿದವು. ಆ ಜಾಗದಲ್ಲಿ ‘ನಗದು ಮಾತ್ರ’ ಎಂಬ ಚೀಟಿಗಳು ಬಂದವು. ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆ ಯುಪಿಐ ಮೂಲಕ ಜಮೆಯಾದ ಹಣವನ್ನು ಲೆಕ್ಕ ಹಾಕಿ, ಜಿಎಸ್‌ಟಿ ನೋಂದಣಿಯ ಮಿತಿ ದಾಟಿದ್ದಾರೆ ಎಂದು ಕಂಡವರಿಗೆ ನೋಟಿಸ್ ಕಳಿಸಿತ್ತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು ಆ ಮಿತಿ. ತರಕಾರಿ ಮಾರುವವರ ಕೈಗೂ ಲಕ್ಷಗಟ್ಟಲೆ ತೆರಿಗೆಯ ನೋಟಿಸ್ ಬಂತು. ವ್ಯಾಪಾರಿಗಳು ಬಂದ್‌ಗೆ ಕರೆ ಕೊಟ್ಟರು. ಮುಖ್ಯಮಂತ್ರಿ ಸಭೆ ಕರೆದು, ನೋಂದಣಿ ಮಾಡಿಸಿಕೊಂಡವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂಬ ಭರವಸೆ ಕೊಟ್ಟ ಮೇಲೆ ಗದ್ದಲ ತಣ್ಣಗಾಯಿತು.

ಆದರೆ ಆ ನೋಟಿಸುಗಳಲ್ಲಿ ಹಲವಕ್ಕೆ ಉತ್ತರ ಕಾಯ್ದೆಯಲ್ಲೇ ಇತ್ತು. ತಾಜಾ ತರಕಾರಿ, ಹಣ್ಣು, ಹಾಲಿಗೆ ಜಿಎಸ್‌ಟಿ ಇಲ್ಲ. ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರು ಎಷ್ಟೇ ವಹಿವಾಟು ಮಾಡಿದರೂ ನೋಂದಣಿ ಮಾಡಿಸಬೇಕಾಗಿಲ್ಲ ಎಂದು ಜಿಎಸ್‌ಟಿ ಕಾಯ್ದೆಯ 23ನೇ ಕಲಂ ಹೇಳುತ್ತದೆ. ಖಾತೆಗೆ ಬಂದ ಹಣವೆಲ್ಲ ವ್ಯಾಪಾರದ್ದೇ ಆಗಿರಬೇಕೆಂದೂ ಇಲ್ಲ. ಕೈಗಡ, ಚೀಟಿ ಹಣ, ಮಗ ಊರಿಗೆ ಕಳಿಸಿದ ದುಡ್ಡು ಎಲ್ಲವೂ ಅದೇ ಕ್ಯೂಆರ್ ಕೋಡಿಗೆ ಬಂದಿರಬಹುದು. ಇಷ್ಟನ್ನು ದಾಖಲೆ ಸಮೇತ ಬರೆದು, ಗಡುವಿನೊಳಗೆ ಕೊಟ್ಟರೆ ಅದೇ ಒಂದು ಸಮರ್ಥ ಉತ್ತರ. ನೋಟಿಸ್ ಎಂಬುದು ತೀರ್ಪಲ್ಲ, ಪ್ರಶ್ನೆ. ಪ್ರಶ್ನೆಗೆ ಉತ್ತರ ಹೋಗದಿದ್ದಾಗ ಅದು ತೀರ್ಪಾಗಿ ತಿರುಗಿ ಬರುತ್ತದೆ. ಆ ಸಲ ದನಿ ಎತ್ತಿದವರ ಸಂಖ್ಯೆ ದೊಡ್ಡದಿತ್ತು, ಸರ್ಕಾರ ಮಾತು ಕೇಳಿತು. ಒಂಟಿಯಾಗಿ ನೋಟಿಸ್ ಪಡೆದ ಸಣ್ಣ ಕಾರ್ಖಾನೆಯ ಮಾಲೀಕರಿಗೆ ಮುಖ್ಯಮಂತ್ರಿ ಸಭೆ ಕರೆಯುವುದಿಲ್ಲ.

ಆಡಿಟರ್ ಇದ್ದಾರಲ್ಲ?

ನಮ್ಮ ಸಣ್ಣ ಉದ್ಯಮಿಗಳಲ್ಲಿ ಬಹುತೇಕರಿಗೆ ಆಡಿಟರ್ ಇದ್ದಾರೆ, ವಕೀಲರಿಲ್ಲ. ನೋಟಿಸ್ ಬಂದರೂ ಆಡಿಟರ್, ಪಾಲುದಾರರ ನಡುವೆ ಮನಸ್ತಾಪವಾದರೂ ಆಡಿಟರ್, ಬ್ಯಾಂಕ್ ಪತ್ರ ಕಳಿಸಿದರೂ ಆಡಿಟರ್. ಅವರು ಮುಗಿದ ವ್ಯವಹಾರದ ಲೆಕ್ಕ ಬರೆಯುವವರು, ತೆರಿಗೆಯ ವಿಷಯ ಬಲ್ಲವರು. ಮುಂದೆ ಜಗಳವಾದರೆ ಈ ಕಾಗದ ಯಾರ ಪರ ನಿಲ್ಲುತ್ತದೆ ಎಂದು ಓದುವುದು ಬೇರೆಯದೇ ಕೆಲಸ. ಅದನ್ನು ಆಡಿಟರ ತಲೆಗೆ ಕಟ್ಟುವುದು ಅವರಿಗೂ ನ್ಯಾಯವಲ್ಲ.

‘ಸಣ್ಣ’ ಎಂಬ ಮಾತು ಇಲ್ಲಿ ದಾರಿ ತಪ್ಪಿಸುತ್ತದೆ. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ವ್ಯಾಖ್ಯೆಯಂತೆ 10 ಕೋಟಿ ರೂಪಾಯಿ ವಹಿವಾಟಿನವರೆಗೆ ಅತಿಸಣ್ಣ, 100 ಕೋಟಿಯವರೆಗೆ ಸಣ್ಣ, 500 ಕೋಟಿಯವರೆಗೆ ಮಧ್ಯಮ. ಯಂತ್ರೋಪಕರಣದ ಹೂಡಿಕೆಗೆ ಪ್ರತ್ಯೇಕ ಮಿತಿಗಳಿವೆ. ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಎಂಬತ್ತು ಜನರಿಗೆ ಸಂಬಳ ಕೊಡುವ ಘಟಕವೂ ಈ ಲೆಕ್ಕದಲ್ಲಿ ಸಣ್ಣದೇ. ಅದು ಬಿಡಿಭಾಗ ಪೂರೈಸುವ ದೊಡ್ಡ ಕಂಪನಿಗೆ ಕಾನೂನು ವಿಭಾಗವಿರುತ್ತದೆ. ಅಲ್ಲಿ ಐದಾರು ವಕೀಲರು ಕೂತು ಬರೆದ ಕರಾರಿಗೆ ಇಲ್ಲಿ ಮಾಲೀಕರು ಊಟದ ಬಿಡುವಿನಲ್ಲಿ ಸಹಿ ಹಾಕುತ್ತಾರೆ.

‘ಕೋರ್ಟಿಗೆ ಹೋದರೆ ಗೆದ್ದವ ಸೋತ, ಸೋತವ ಸತ್ತ’ ಎಂಬ ಮಾತು ನಮ್ಮಲ್ಲಿ ಆಳವಾಗಿ ಬೇರೂರಿದೆ. ಅದು ಅನುಭವದ ಮಾತು, ಸುಳ್ಳಲ್ಲ. ಆದರೆ ಅದರಿಂದ ಹೆಚ್ಚಿನವರು ತೆಗೆದ ಅರ್ಥ ವಕೀಲರ ಹತ್ತಿರ ಸುಳಿಯಬಾರದು ಎಂದು. ಸರಿಯಾದ ಅರ್ಥ ಇದಕ್ಕೆ ವಿರುದ್ಧ: ಕೋರ್ಟ್ ಬೇಡವಾದರೆ ವಕೀಲರನ್ನು ಬೇಗ ನೋಡಬೇಕು. ಈ ದೇಶದಲ್ಲಿ ಸಣ್ಣ ಉದ್ಯಮದ ಪರವಾಗಿ ಕಾನೂನುಗಳು ಕಡಿಮೆಯೇನಿಲ್ಲ. ಅವು ಕೆಲಸ ಮಾಡುವುದು ಮಾತ್ರ ಸರಿಯಾದ ಕಾಗದ ಇಟ್ಟುಕೊಂಡು, ಸರಿಯಾದ ದಿನದೊಳಗೆ ಕೇಳಿದವರಿಗೆ.

45 ದಿನದ ಹಕ್ಕು

ಇದಕ್ಕೆ ಒಳ್ಳೆಯ ಸಾಕ್ಷಿ ಬಾಕಿ ಬಿಲ್ಲು. ಸರಕು ಕಳಿಸಿ ಆರು ತಿಂಗಳಾದರೂ ಹಣ ಬರುವುದಿಲ್ಲ; ಕೇಳಿದರೆ ‘ಮುಂದಿನ ವಾರ’. ಬ್ಯಾಂಕಿನ ಬಡ್ಡಿ ಮಾತ್ರ ವಾರ ಕಾಯುವುದಿಲ್ಲ. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಅಭಿವೃದ್ಧಿ ಕಾಯ್ದೆ ಇದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ಅತಿಸಣ್ಣ ಮತ್ತು ಸಣ್ಣ ಘಟಕಗಳಿಗೆ ಖರೀದಿದಾರರು ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಆ ಒಪ್ಪಂದ ಏನೇ ಇರಲಿ, ಸರಕು ಒಪ್ಪಿಕೊಂಡ ದಿನದಿಂದ 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಪರ್ಚೇಸ್ ಆರ್ಡರಿನಲ್ಲಿ ‘120 ದಿನ’ ಎಂದು ಅಚ್ಚಾಗಿದ್ದರೂ ಕಾಯ್ದೆಯ 45 ದಿನವೇ ಮೇಲು.

ಕೊಟ್ಟ ಸರಕಿನಲ್ಲಿ ದೋಷವಿದೆ ಎಂಬುದು ಹಣ ತಡೆಯುವವರ ಮಾಮೂಲಿ ನೆಪ. ಅದಕ್ಕೂ ಕಾಯ್ದೆಯಲ್ಲಿ ಉತ್ತರವಿದೆ: ಸರಕು ತಲುಪಿದ 15 ದಿನದೊಳಗೆ ಲಿಖಿತ ಆಕ್ಷೇಪಣೆ ಬರದಿದ್ದರೆ ತಲುಪಿದ ದಿನವೇ ಒಪ್ಪಿಕೊಂಡ ದಿನ. ಅಂದರೆ ಡೆಲಿವರಿ ಚಲನ್ನಿನ ಮೇಲೆ ದಿನಾಂಕ, ಸಹಿ, ಸೀಲು ಇದೆಯೇ ಎಂಬುದರ ಮೇಲೆ ಇಡೀ ವಿವಾದ ನಿಂತಿದೆ. ಸೀಲಿಲ್ಲದ ಚಲನ್ ಹಿಡಿದುಕೊಂಡು ಬಂದವರಿಗೆ ಎಂಥ ವಕೀಲರೂ ಹೆಚ್ಚು ಸಹಾಯ ಮಾಡಲಾರರು. ಆ ಸೀಲು ಹಾಕಿಸಿಕೊಳ್ಳಬೇಕು ಎಂದು ಮೊದಲೇ ಹೇಳಿಕೊಡುವ ವಕೀಲರು ಬೇಕು.

ವ್ಯಾಜ್ಯ ಎಲ್ಲಿ ನಡೆಯಬೇಕು ಎಂಬುದೂ ಸಣ್ಣವರನ್ನು ಹೆದರಿಸುವ ಪ್ರಶ್ನೆ. ಗುರುಗ್ರಾಮದ ಕಂಪನಿ ಕಳಿಸಿದ ಆರ್ಡರಿನ ಕೊನೆಯಲ್ಲಿ ಪುಟ್ಟ ಅಕ್ಷರದಲ್ಲಿ ‘ಗುರುಗ್ರಾಮದ ನ್ಯಾಯಾಲಯಗಳ ವ್ಯಾಪ್ತಿಗೆ ಮಾತ್ರ’ ಎಂದಿರುತ್ತದೆ. ಹುಬ್ಬಳ್ಳಿಯವರು ಅಲ್ಲಿಗೆ ಹೋಗಿ ಬರುವ ಖರ್ಚನ್ನು ನೆನೆದೇ ಕೈಬಿಡುತ್ತಾರೆ. ಆದರೆ ಈ ಕಾಯ್ದೆಯಡಿ ಇಂಥ ವಿವಾದ ಇತ್ಯರ್ಥ ಮಾಡುವ, ಪೂರೈಕೆದಾರರು ಇರುವ ಸ್ಥಳದ ಸೌಲಭ್ಯ ಮಂಡಳಿಗೇ ದೂರು ಕೊಡಬಹುದು. ಖರೀದಿದಾರರು ದೇಶದ ಯಾವ ಮೂಲೆಯಲ್ಲಿದ್ದರೂ ಸರಿ. ಮಂಡಳಿಯ ಆದೇಶವನ್ನು ಪ್ರಶ್ನಿಸಲು ಹೊರಟ ಖರೀದಿದಾರರು ಮೊತ್ತದ ಶೇ 75ರಷ್ಟನ್ನು ಮೊದಲು ಠೇವಣಿ ಇಡಬೇಕು. ಇಬ್ಬರ ನಡುವಿನ ಖಾಸಗಿ ಮಧ್ಯಸ್ಥಿಕೆ ಕರಾರಿಗಿಂತ ಈ ಕಾಯ್ದೆಯೇ ಮೇಲೆಂದು ಸುಪ್ರೀಂ ಕೋರ್ಟ್ 2022ರ ಮಹಾಕಾಳಿ ಫುಡ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮಂಡಳಿ ದೂರನ್ನು 90 ದಿನದಲ್ಲಿ ಇತ್ಯರ್ಥ ಮಾಡಬೇಕೆಂದು ಕಾಯ್ದೆ ಹೇಳುತ್ತದೆ; ಆಚರಣೆಯಲ್ಲಿ ತಡವಾಗುವುದುಂಟು. ಆದರೂ ನಿಮ್ಮ ಕಾಗದಗಳು ಸರಿಯಿವೆ ಎಂದು ಗೊತ್ತಾದ ಖರೀದಿದಾರರ ಧಾಟಿ ಬೇರೆಯಾಗುತ್ತದೆ.

ಹಾಗಾದರೆ ಎಲ್ಲರೂ ಏಕೆ ಇದನ್ನು ಬಳಸುವುದಿಲ್ಲ? ಒಂದು, ಮುಂದಿನ ಆರ್ಡರ್ ತಪ್ಪೀತೆಂಬ ಭಯ. ಇನ್ನೊಂದು, ನೋಂದಣಿಯ ಗೊಂದಲ. ಎಂಎಸ್‌ಎಂಇ ಘಟಕಗಳ ‘ಉದ್ಯಮ್’ ನೋಂದಣಿ ಉಚಿತ, ಆಧಾರ್ ಇದ್ದರೆ ಮನೆಯಲ್ಲೇ ಕೂತು ಮಾಡಬಹುದು. ಆದರೆ ವ್ಯವಹಾರ ಮುಗಿದು, ಹಣ ನಿಂತು, ದೂರು ಕೊಡುವ ಹೊತ್ತಿಗೆ ಅವಸರದಲ್ಲಿ ನೋಂದಣಿ ಮಾಡಿಸಿದವರಿಗೆ ಹಳೆಯ ಬಿಲ್ಲುಗಳಿಗೆ ಈ ರಕ್ಷಣೆ ಸಿಗದೆಂದು ಸುಪ್ರೀಂ ಕೋರ್ಟ್ 2021ರ ಸಿಲ್ಪಿ ಇಂಡಸ್ಟ್ರೀಸ್ ಪ್ರಕರಣದಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ಕೋರ್ಟಿನ ದ್ವಿಸದಸ್ಯ ಪೀಠವೊಂದು ಈ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು. ಜಾಣರು ಮೊದಲ ಆರ್ಡರಿಗೆ ಮುಂಚೆಯೇ ನೋಂದಾಯಿಸುತ್ತಾರೆ. ಉದ್ಯಮ್ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಅಚ್ಚು ಹಾಕಿಸುತ್ತಾರೆ. ಗಮನಿಸಬೇಕಾದ ಇನ್ನೊಂದು ಮಾತು: ಮಧ್ಯಮ ಘಟಕಗಳಿಗೆ ಈ ಅಧ್ಯಾಯದ ರಕ್ಷಣೆ ಇಲ್ಲ. ಕೊಂಡು ಮಾರುವ ವರ್ತಕರು ಉದ್ಯಮ್‌ನಲ್ಲಿ ನೋಂದಾಯಿಸಿಕೊಂಡರೂ ಅವರಿಗೆ ಸಿಗುವುದು ಆದ್ಯತಾ ವಲಯದ ಸಾಲದ ಅನುಕೂಲ ಮಾತ್ರ.

ಆರ್ಡರ್ ತಪ್ಪುವ ಭಯಕ್ಕೂ ಈಗ ಒಂದು ಮದ್ದಿದೆ. 2023ರಲ್ಲಿ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಕಲಮಾಗಿ ಸೇರಿದ ನಿಯಮದ ಪ್ರಕಾರ ಸಣ್ಣ ಘಟಕಕ್ಕೆ ಗಡುವಿನೊಳಗೆ ಹಣ ಕೊಡದ ಖರೀದಿದಾರರು ಆ ಮೊತ್ತವನ್ನು ನಿಜಕ್ಕೂ ಪಾವತಿಸಿದ ವರ್ಷದಲ್ಲಷ್ಟೇ ಖರ್ಚಾಗಿ ತೋರಿಸಬಹುದು. ಅಂದರೆ ತಡ ಮಾಡಿದರೆ ಅವರ ತೆರಿಗೆಯೇ ಏರುತ್ತದೆ. ವರ್ಷಾಂತ್ಯಕ್ಕೆ ಮುಂಚೆ ಇದನ್ನು ನೆನಪಿಸುವ ಒಂದು ಸೌಜನ್ಯದ ಪತ್ರ ಬಹಳ ಸಲ ದೂರಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಅಂಥ ಪತ್ರವನ್ನು ಯಾವಾಗ, ಯಾವ ಧಾಟಿಯಲ್ಲಿ ಬರೆಯಬೇಕೆಂಬುದೇ ವಕೀಲಿಕೆಯ ಅರ್ಧ ಕಸುಬು.

ದಿನ ಎಣಿಸುವ ಕೆಲಸ

ಚೆಕ್ ಬೌನ್ಸ್ ಪ್ರಕರಣಗಳಲ್ಲಿ ನ್ಯಾಯಕ್ಕಿಂತ ಮೊದಲು ಕ್ಯಾಲೆಂಡರ್ ಬರುತ್ತದೆ. ಚೆಕ್ಕಿನ ಮೇಲಿನ ದಿನಾಂಕದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಹಣವಿಲ್ಲವೆಂದು ಬ್ಯಾಂಕ್ ತಿಳಿಸಿದ 30 ದಿನದೊಳಗೆ ಲಿಖಿತ ನೋಟಿಸ್ ಹೋಗಬೇಕು. ನೋಟಿಸ್ ಮುಟ್ಟಿದ ಮೇಲೆ ಚೆಕ್ ಕೊಟ್ಟವರಿಗೆ 15 ದಿನದ ಅವಕಾಶ. ಆಗಲೂ ಹಣ ಬರದಿದ್ದರೆ ಒಂದು ತಿಂಗಳೊಳಗೆ ದೂರು. ದೂರು ತಡವಾದರೆ ತಕ್ಕ ಕಾರಣ ಕೊಟ್ಟು ಕ್ಷಮೆ ಕೇಳಬಹುದು. ನೋಟಿಸ್ ತಡವಾದರೆ ಆ ದಾರಿಯಿಲ್ಲ. ಚೆಕ್ಕಿನ ಅವಧಿ ಉಳಿದಿದ್ದರೆ ಮತ್ತೊಮ್ಮೆ ಬ್ಯಾಂಕಿಗೆ ಹಾಕಬಹುದು, ಅಷ್ಟೆ. ‘ಹಬ್ಬ ಕಳೆಯಲಿ, ನೋಡೋಣ’ ಎಂದು ಸುಮ್ಮನಾದವರು ಎರಡು ವರ್ಷ ಜೈಲು ಅಥವಾ ಚೆಕ್ಕಿನ ಎರಡು ಪಟ್ಟು ದಂಡ ವಿಧಿಸಬಲ್ಲ ಕಲಮನ್ನೇ ಕೈಬಿಟ್ಟಂತೆ.

ಸಾಲದ ಮೇಲೆ ಕೊಟ್ಟ ಸರಕಿನ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ. ಆ ಮೂರು ವರ್ಷ ಮುಗಿಯುವ ಮುಂಚೆ ಎದುರಿನವರು ‘ಇಷ್ಟು ಬಾಕಿ ಇರುವುದು ನಿಜ’ ಎಂದು ಬರೆದು ಸಹಿ ಹಾಕಿದರೆ ಅಲ್ಲಿಂದ ಹೊಸ ಮೂರು ವರ್ಷ ಶುರು. ಪ್ರತಿ ಮಾರ್ಚಿನಲ್ಲಿ ಬಾಕಿ ದೃಢೀಕರಣ ಪತ್ರ ತರಿಸಿಕೊಳ್ಳುವ ಹಳೆಯ ವರ್ತಕರ ರೂಢಿಗೆ ಈ ಬೆಲೆಯಿದೆ. ಜಿಎಸ್‌ಟಿ ಆದೇಶದ ಮೇಲೆ ಮೇಲ್ಮನವಿಗೆ ಮೂರು ತಿಂಗಳು. ಸಕಾರಣವಿದ್ದರೆ ಇನ್ನೊಂದು ತಿಂಗಳು. ಆದೇಶ ಅಂಚೆಯಲ್ಲೇ ಬರಬೇಕೆಂದಿಲ್ಲ, ಪೋರ್ಟಲಿನ ಯಾವುದೋ ಪುಟದಲ್ಲಿ ಸದ್ದಿಲ್ಲದೆ ಕೂತಿರುತ್ತದೆ.

ಬ್ಯಾಂಕಿನ ಮುಂದೆ

ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡರೆ ಹೊಣೆ ಕಂಪನಿಗೇ ಸೀಮಿತ, ಮನೆಗೆ ಭಯವಿಲ್ಲ ಎಂದು ಹಲವರು ನಂಬಿದ್ದಾರೆ. ಸಾಲ ಪಡೆಯುವ ದಿನ ಬ್ಯಾಂಕ್ ಮುಂದಿಡುವ ಕಟ್ಟಿನಲ್ಲಿ ವೈಯಕ್ತಿಕ ಜಾಮೀನಿನ ಪತ್ರವೂ ಇರುತ್ತದೆ. ಮಾಲೀಕರು, ಅವರ ಪತ್ನಿ, ಕೆಲವೊಮ್ಮೆ ವಯಸ್ಸಾದ ತಂದೆ, ಎಲ್ಲರೂ ಅದಕ್ಕೆ ಸಹಿ ಹಾಕುತ್ತಾರೆ. 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ ಕರಾರಿನಲ್ಲಿ ಬೇರೆ ಹೇಳದಿದ್ದರೆ ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ಇರುತ್ತದೆ. ಕಂಪನಿಯ ಆಸ್ತಿ ಮುಗಿಯುವವರೆಗೆ ಬ್ಯಾಂಕ್ ಕಾಯಬೇಕಾಗಿಲ್ಲ. ಜಾಮೀನಿಗೆ ಮೊತ್ತದ ಮಿತಿ ಹಾಕಿಸಬಹುದೇ, ಪಾಲುದಾರರು ಹೊರಹೋದಾಗ ಅವರ ಜಾಮೀನು ಬಿಡಿಸುವುದು ಹೇಗೆ ಎಂಬ ಮಾತುಕತೆಗೆ ಜಾಗವಿರುವುದು ಸಹಿಗೆ ಮುಂಚೆ ಮಾತ್ರ.

ಕಂತು ತಪ್ಪಿದಾಗ, ಅಡವಿಟ್ಟ ಆಸ್ತಿಯನ್ನು ಬ್ಯಾಂಕ್ ವಶಕ್ಕೆ ತೆಗೆದುಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್ ಬರುತ್ತದೆ. ಅದಕ್ಕೆ ಲಿಖಿತ ಆಕ್ಷೇಪಣೆ ಕೊಟ್ಟರೆ ಬ್ಯಾಂಕ್ 15 ದಿನದೊಳಗೆ ಕಾರಣ ಸಹಿತ ಉತ್ತರಿಸಬೇಕು. ಸ್ವಾಧೀನದ ಕ್ರಮ ಶುರುವಾದರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು 45 ದಿನ. ಇದೆಲ್ಲಕ್ಕೂ ಮೊದಲಿನ ಮೆಟ್ಟಿಲೊಂದಿದೆ. 25 ಕೋಟಿಯವರೆಗಿನ ಸಾಲವಿರುವ ಎಂಎಸ್‌ಎಂಇ ಘಟಕ ಸಂಕಷ್ಟಕ್ಕೆ ಸಿಲುಕುತ್ತಿರುವುದು ಕಂಡಾಗ, ಖಾತೆ ವಸೂಲಾಗದ ಸಾಲ (ಎನ್‌ಪಿಎ) ಆಗುವ ಮೊದಲೇ ಅದರ ಪುನಶ್ಚೇತನದ ದಾರಿ ಪರಿಶೀಲಿಸಬೇಕೆಂದು 2015ರ ಕೇಂದ್ರದ ಚೌಕಟ್ಟು ಹೇಳುತ್ತದೆ. ಇದು ಬ್ಯಾಂಕುಗಳಿಗೆ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಪ್ರೋ ನಿಟ್ಸ್ ಪ್ರಕರಣದಲ್ಲಿ ಹೇಳಿತು. ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಿತು: ತಾನು ಎಂಎಸ್‌ಎಂಇ ಎಂದು ದಾಖಲೆ ಸಮೇತ ಬ್ಯಾಂಕಿಗೆ ಸಕಾಲದಲ್ಲಿ ತಿಳಿಸುವ ಹೊಣೆ ಘಟಕದ್ದು; ವಸೂಲಾತಿಯೆಲ್ಲ ಮುಗಿಯುವ ತನಕ ಸುಮ್ಮನಿದ್ದು ಆಮೇಲೆ ಈ ಹಕ್ಕನ್ನು ಎತ್ತುವಂತಿಲ್ಲ. ಹಕ್ಕು ಕಡ್ಡಾಯ, ಆದರೆ ಕೇಳಬೇಕು. ಒಂದೇ ತೀರ್ಪಿನಲ್ಲಿ ಎರಡೂ ಪಾಠ.

ಅಣ್ಣ-ತಮ್ಮಂದಿರ ಫರ್ಮು

ನಮ್ಮ ಊರುಗಳ ವ್ಯಾಪಾರ ಹೆಚ್ಚಾಗಿ ಅಣ್ಣ-ತಮ್ಮ, ಭಾವ-ಮೈದುನ, ಜೊತೆಗೆ ಓದಿದ ಗೆಳೆಯರ ಪಾಲುದಾರಿಕೆ. ‘ನಮ್ಮೊಳಗೆ ಕಾಗದ ಯಾಕೆ’ ಎಂಬುದು ಪ್ರೀತಿಯ ಮಾತು. ಪಾಲುಪತ್ರ ಇರುವ ಕಡೆಯೂ ಅದು ಪ್ಯಾನ್ ಮತ್ತು ಬ್ಯಾಂಕ್ ಖಾತೆಗಾಗಿ ಮಾಡಿಸಿದ್ದು. ಪ್ಯಾನ್, ಜಿಎಸ್‌ಟಿ ನೋಂದಣಿ ಬೇರೆ, ಫರ್ಮುಗಳ ರಿಜಿಸ್ಟ್ರಾರ್ ಬಳಿ ನೋಂದಣಿ ಬೇರೆ. ಎರಡನೆಯದು ಆಗಿರದಿದ್ದರೆ 1932ರ ಪಾಲುದಾರಿಕೆ ಕಾಯ್ದೆಯ 69ನೇ ಕಲಮಿನಂತೆ ಫರ್ಮು ತನ್ನ ಕರಾರಿನ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಅವರು ಮಾತ್ರ ಫರ್ಮಿನ ಮೇಲೆ ಹೂಡಬಹುದು. ಪತ್ರದಲ್ಲಿ ಬೇರೆ ಬರೆದಿರದಿದ್ದರೆ ಒಬ್ಬ ಪಾಲುದಾರರ ಮರಣದಿಂದ ಫರ್ಮೇ ವಿಸರ್ಜನೆಯಾಗುತ್ತದೆ. ಫರ್ಮಿನ ಸಾಲಕ್ಕೆ ಪ್ರತಿಯೊಬ್ಬರೂ ಪೂರ್ತಿ ಹೊಣೆ. ಒಬ್ಬರು ಹೊರಹೋಗುವಾಗ ಪಾಲಿನ ಬೆಲೆ ಕಟ್ಟುವುದು ಹೇಗೆ, ಮಕ್ಕಳು ಒಳಬರುವುದು ಹೇಗೆ ಎಂಬುದನ್ನು ಎಲ್ಲರೂ ನಗುತ್ತ ಕೂತಿರುವಾಗ ಬರೆದಿಡುವುದೇ ಸಂಬಂಧ ಉಳಿಸುವ ಕ್ರಮ.

ಹೆಸರಿನ ವಿಷಯವೂ ಇಂಥದ್ದೇ. ಕರ್ನಾಟಕ ಹಾಲು ಮಹಾಮಂಡಳ 1985ರಿಂದ ಬಳಸುತ್ತಿರುವ ‘ನಂದಿನಿ’ ಮತ್ತು ಬೆಂಗಳೂರಿನ ಹೋಟೆಲ್ ನಂದಿನಿ ಡಿಲಕ್ಸ್ 1989ರಿಂದ ಬಳಸುತ್ತಿರುವ ಹೆಸರಿನ ನಡುವೆ ಟ್ರೇಡ್‌ಮಾರ್ಕ್ ವ್ಯಾಜ್ಯ ನಡೆಯಿತು. ರಿಜಿಸ್ಟ್ರಿ ಹೋಟೆಲಿನ ಪರ ಹೇಳಿತು. ಮೇಲ್ಮನವಿ ಮಂಡಳಿ ಮತ್ತು ಹೈಕೋರ್ಟ್ ಅದಕ್ಕೆ ವಿರುದ್ಧ ಹೇಳಿದವು. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ಪರ ತೀರ್ಪಿತ್ತಿತು, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಹೊರಗಿಟ್ಟು. ಎದುರಿಗೆ ದೊಡ್ಡ ಸಂಸ್ಥೆ ಇದ್ದ ಮಾತ್ರಕ್ಕೆ ಸೋಲು ಖಚಿತವಲ್ಲ ಎಂಬುದು ಒಂದು ಪಾಠ. ಬೋರ್ಡು ಬರೆಸುವ ಮೊದಲೇ ಟ್ರೇಡ್‌ಮಾರ್ಕ್ ದಾಖಲೆಗಳನ್ನು ಹುಡುಕಿಸಿ, ಅರ್ಜಿ ಹಾಕಿಬಿಡುವುದು ವರ್ಷಗಟ್ಟಲೆಯ ವ್ಯಾಜ್ಯಕ್ಕಿಂತ ಅಗ್ಗ ಎಂಬುದು ಇನ್ನೊಂದು.

ನೌಕರರ ವಿಷಯಕ್ಕೆ ಬಂದರೆ 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನೇಮಕಾತಿ ಪತ್ರ ಕಡ್ಡಾಯವಾಗಿದೆ, ವೇತನದ ವ್ಯಾಖ್ಯೆ ಬದಲಾಗಿದೆ. ಹತ್ತು ಜನ ಇರುವ ಕಡೆಯೆಲ್ಲ ಲೈಂಗಿಕ ಕಿರುಕುಳ ದೂರುಗಳ ಆಂತರಿಕ ಸಮಿತಿ ಇರಬೇಕು. ಇಲ್ಲದಿದ್ದರೆ 50 ಸಾವಿರದವರೆಗೆ ದಂಡ. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ‘ಕೆಲಸ ಬಿಟ್ಟ ಮೇಲೆ ಎರಡು ವರ್ಷ ಪ್ರತಿಸ್ಪರ್ಧಿಯ ಬಳಿ ಸೇರಬಾರದು’ ಎಂಬ ಬಾಂಡು ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ನಿಲ್ಲುವುದಿಲ್ಲ.

ವಕೀಲರನ್ನು ಇಟ್ಟುಕೊಳ್ಳುವುದು ಹೇಗೆ

ಇದಕ್ಕೆಲ್ಲ ಸಂಬಳದ ವಕೀಲರು ಬೇಕಿಲ್ಲ. ತಿಂಗಳಿಗೋ ವರ್ಷಕ್ಕೋ ಒಂದು ಮೊತ್ತ ಗೊತ್ತುಮಾಡಿ ಸಲಹೆ ಪಡೆಯುವ ಪದ್ಧತಿ ವಕೀಲರಲ್ಲಿ ಹಿಂದಿನಿಂದಲೂ ಇದೆ. ಒಬ್ಬರಿಗೆ ಭಾರವೆನಿಸಿದರೆ ಒಂದೇ ಕೈಗಾರಿಕಾ ವಸಾಹತಿನ ಹತ್ತು ಘಟಕಗಳು ಸೇರಿ ಇಡಬಹುದು. 1949ರಲ್ಲಿ ಹುಟ್ಟಿದ ಕಾಸಿಯಾದಂಥ ಉದ್ಯಮ ಸಂಘಗಳು, ಜಿಲ್ಲಾ ವಾಣಿಜ್ಯ ಮಂಡಳಿಗಳು ಸದಸ್ಯರಿಗಾಗಿ ಇಂಥ ವ್ಯವಸ್ಥೆಗೆ ಒಳ್ಳೆಯ ನೆಲೆಯಾಗಬಲ್ಲವು. ವಕೀಲರು ಜಾಹೀರಾತು ಕೊಡುವಂತಿಲ್ಲ, ಆದ್ದರಿಂದ ಫಲಕ ನೋಡಿ ಆರಿಸಲಾಗದು. ಅದೇ ಕಸುಬಿನ ಹಿರಿಯರನ್ನು ಕೇಳಿಯೇ ಹುಡುಕಬೇಕು. ವಸೂಲಾದ ಹಣದಲ್ಲಿ ಪಾಲು ಕೇಳುವುದನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಹಾಗೆ ಕೇಳಿದವರಿಂದ ದೂರವಿರಿ. ಎಲ್ಲದಕ್ಕೂ ‘ಕೇಸು ಹಾಕೋಣ’ ಎನ್ನುವವರಿಂದಲೂ.

ಮಹಿಳಾ ಉದ್ಯಮಿಗಳು, ಪರಿಶಿಷ್ಟ ಜಾತಿ, ಪಂಗಡದ ಉದ್ಯಮಿಗಳು ಒಂದು ವಿಷಯ ತಿಳಿದಿರಲಿ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಆದಾಯದ ಮಿತಿ ನೋಡದೆ ಉಚಿತ ಕಾನೂನು ನೆರವಿಗೆ ಅವರು ಅರ್ಹರು. ಸಹಾಯವಾಣಿ 15100.

ಈ ವಾರ ಕಚೇರಿಯ ಕಪಾಟಿನಿಂದ ಐದು ಕಾಗದ ತೆಗೆಯಿರಿ: ಪಾಲುಪತ್ರ, ಬಾಡಿಗೆ ಕರಾರು, ಬ್ಯಾಂಕಿನ ಸಾಲ ಮತ್ತು ಜಾಮೀನು ಪತ್ರ, ದೊಡ್ಡ ಗ್ರಾಹಕರ ಪರ್ಚೇಸ್ ಆರ್ಡರ್, ನೌಕರರ ನೇಮಕಾತಿ ಪತ್ರ. ಜಗಳವಿಲ್ಲದ ಈ ಹೊತ್ತಿನಲ್ಲೇ ಅವನ್ನು ಒಬ್ಬ ವಕೀಲರ ಮೇಜಿನ ಮೇಲಿಟ್ಟು, ಇದರಲ್ಲಿ ನನಗೆ ತೊಂದರೆ ಎಲ್ಲಿದೆ ಎಂದು ಕೇಳಿ. ಆ ಓದಿಗೆ ಕೊಡುವ ಶುಲ್ಕ ಒಂದು ದಾವೆಯ ಖರ್ಚಿನ ಮುಂದೆ ಏನೂ ಅಲ್ಲ.